ಹಿತ್ತಾಳೆಗೆ ನೂರು ವರ್ಷ, ಬೋರ್ಡಿಗೆ ಎಷ್ಟು?

“ಒಂದು ಸಲ ದುಡ್ಡು ಹಾಕಿ, ಮಕ್ಕಳ ಕಾಲಕ್ಕೂ ಬರುತ್ತೆ.” ರೇಂಜ್‌ಫೈಂಡರ್ ಕ್ಯಾಮೆರಾ ಮಾರುವವರೂ ಅದನ್ನು ಹೊಗಳುವವರೂ ಹೇಳುವ ಮಾತು ಇದು. ಫಿಲ್ಮ್ ಕಾಲದಲ್ಲಿ ಈ ಮಾತು ನಿಜವಾಗಿತ್ತು. ಡಿಜಿಟಲ್ ರೇಂಜ್‌ಫೈಂಡರಿಗೆ ಇದೇ ಮಾತನ್ನು ಅಂಟಿಸುವುದು ಮೋಸ. ಮೋಸ ಎಂಬ ಪದವನ್ನು ಯೋಚಿಸಿಯೇ ಬಳಸುತ್ತಿದ್ದೇನೆ. ಹಿತ್ತಾಳೆಯ ಹೆಸರು ಹೇಳಿ ಸೆನ್ಸರ್ ಮಾರುವುದೆಂದರೆ ತಾತನ ಆಯಸ್ಸು ತೋರಿಸಿ ಮೊಮ್ಮಗನ ಆರೋಗ್ಯಕ್ಕೆ ಗ್ಯಾರಂಟಿ ಕೊಟ್ಟ ಹಾಗೆ.

ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾದ ಕಷ್ಟ ನಮಗ್ಯಾಕೆ ಎಂದು ಕೆಲವರು ಕೇಳಬಹುದು. ಇಲ್ಲಿ ಬರೆಯುವ, ಓದುವ ನಮ್ಮಲ್ಲಿ ಬಹಳ ಜನ ತಾಲೂಕು, ಹೋಬಳಿ ಮಟ್ಟದಲ್ಲಿ ಸುದ್ದಿ ಮಾಡುವವರು. ಪತ್ರಿಕೆಯ ಕಚೇರಿ ನಮಗೆ ಕ್ಯಾಮೆರಾ ಕೊಡುವುದಿಲ್ಲ. ಪ್ರಕಟವಾದ ಚಿತ್ರಕ್ಕಷ್ಟೇ ದುಡ್ಡು, ಅದೂ ತಡವಾಗಿ. ಕ್ಯಾಮೆರಾ ನಮ್ಮದು, ಸಾಲ ನಮ್ಮದು, ಕೆಟ್ಟರೆ ತಲೆನೋವೂ ನಮ್ಮದು. ಇಂಥವರ ಮುಂದೆ, ತರಗತಿಗಳಲ್ಲಿ, ಶಿಬಿರಗಳಲ್ಲಿ, ಯೂಟ್ಯೂಬಿನಲ್ಲಿ “ನಿಜವಾದ ವರದಿಗಾರನ ಕ್ಯಾಮೆರಾ ಅಂದ್ರೆ ರೇಂಜ್‌ಫೈಂಡರ್” ಎಂದು ಹೇಳುತ್ತಾ ಹೋದರೆ ಕೆಲವರಾದರೂ ಹೊಟ್ಟೆಬಟ್ಟೆ ಕಟ್ಟಿ ಸೆಕೆಂಡ್ ಹ್ಯಾಂಡ್ ಒಂದನ್ನು ಕೊಳ್ಳುತ್ತಾರೆ. ನಾನೂ ಕೊಂಡೆ. ಕೊಂಡಿದ್ದಕ್ಕೆ ನನಗೆ ಬೇಜಾರಿಲ್ಲ, ಒಳ್ಳೆಯ ಚಿತ್ರಗಳು ಸಿಕ್ಕಿವೆ. ನನ್ನ ತಕರಾರು ಕ್ಯಾಮೆರಾದ ಮೇಲಲ್ಲ, ಅದರ ಸುತ್ತ ಕಟ್ಟಿರುವ ‘ಬಾಳಿಕೆ’ ಎಂಬ ಮಾತಿನ ಮೇಲೆ.

ಗೊತ್ತಿಲ್ಲದವರಿಗೆ ಮೊದಲು ಯಂತ್ರದ ವಿಷಯ. ಡಿಎಸ್‌ಎಲ್‌ಆರ್‌ನಲ್ಲಿ ನಾವು ಲೆನ್ಸಿನ ಮೂಲಕವೇ ನೋಡುತ್ತೇವೆ. ರೇಂಜ್‌ಫೈಂಡರಿನಲ್ಲಿ ಹಾಗಲ್ಲ. ಲೆನ್ಸಿನ ಮೇಲುಗಡೆ, ಪಕ್ಕಕ್ಕೆ ಒಂದು ಗಾಜಿನ ಕಿಟಕಿ, ಅದರಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಚಿಕ್ಕ ಕಿಟಕಿ. ಎರಡರಿಂದಲೂ ಬರುವ ಬಿಂಬಗಳು ನಾವು ನೋಡುವ ಕಡೆ ನಡುವಿನ ಒಂದು ಚೌಕದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸ್ ತಿರುಗಿಸಿದರೆ ಅದರ ಹಿಂಬದಿಯ ಅಂಚು ಕ್ಯಾಮೆರಾದೊಳಗಿನ ಒಂದು ಸಣ್ಣ ಉರುಳೆಯನ್ನು ಒತ್ತುತ್ತದೆ. ಆ ಉರುಳೆಗೆ ಜೋಡಿಸಿದ ಕಡ್ಡಿ ಒಳಗಿನ ಗಾಜನ್ನು ಕೂದಲೆಳೆಯಷ್ಟು ಅಲುಗಿಸುತ್ತದೆ. ಎರಡು ಬಿಂಬ ಕೂಡಿ ಒಂದಾದ ಜಾಗದಲ್ಲಿ ಫೋಕಸ್ ಕೂತಿದೆ ಎಂದರ್ಥ. ಬ್ಯಾಟರಿ ಇಲ್ಲದೆಯೂ ನಡೆಯುವ ಲೆಕ್ಕ ಇದು.

ಇದರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಕ್ಯಾಮೆರಾ ಚಿಕ್ಕದು, ಸದ್ದು ಕಡಿಮೆ. ಚೌಕಟ್ಟಿನ ಆಚೆ ಏನಾಗುತ್ತಿದೆ ಎಂಬುದೂ ಕಾಣುತ್ತದೆ. ಬಾಗಿಲ ಕಡೆಯಿಂದ ಯಾರು ಬರುತ್ತಿದ್ದಾರೆ, ಯಾರು ಎದ್ದು ಮಾತಾಡಲಿದ್ದಾರೆ ಎಂದು ಮೊದಲೇ ಗೊತ್ತಾಗುತ್ತದೆ. ಗ್ರಾಮಸಭೆಯಲ್ಲಿ ದೊಡ್ಡ ಲೆನ್ಸ್ ಎತ್ತಿದ ಕೂಡಲೇ ಜನ ಸೆಟೆದು ಕೂರುತ್ತಾರೆ, ಅಧ್ಯಕ್ಷರು ಅಂಗಿ ಸರಿಮಾಡಿಕೊಳ್ಳುತ್ತಾರೆ. ಈ ಪುಟ್ಟ ಕ್ಯಾಮೆರಾ ಎತ್ತಿದರೆ ಮಾತು ಮುಂದುವರಿಯುತ್ತದೆ. ನಮ್ಮಂಥವರಿಗೆ ಇದು ದೊಡ್ಡ ಲಾಭವೇ.

ಈ ನಾಜೂಕಿಗೆ ಬೆಲೆಯೂ ಇದೆ. ಉರುಳೆ, ಕಡ್ಡಿ, ಗಾಜು ಮೂರೂ ಸರಿಯಾದ ಅಳತೆಯಲ್ಲಿ ಕೂತಿದ್ದರೆ ಮಾತ್ರ ನಾವು ಕಂಡದ್ದು ಚಿತ್ರದಲ್ಲಿ ಸಿಗುತ್ತದೆ. ಒಂದು ಪೆಟ್ಟು ಬಿದ್ದರೆ, ತಿಂಗಳುಗಟ್ಟಲೆ ಬಸ್ಸಿನಲ್ಲಿ ಕುಲುಕಿದರೆ ಅಳತೆ ತಪ್ಪುತ್ತದೆ. ತಪ್ಪಿದೆ ಎಂದು ಕಣ್ಣಿಗೆ ಕಾಣುವುದೂ ಇಲ್ಲ, ಏಕೆಂದರೆ ನಾವು ಲೆನ್ಸಿನ ಮೂಲಕ ನೋಡುತ್ತಿಲ್ಲ. ಬಿಂಬಗಳು ಕೂಡಿದಂತೆಯೇ ಕಾಣುತ್ತವೆ, ಚಿತ್ರದಲ್ಲಿ ಮಾತ್ರ ಮುಖದ ಬದಲು ಹಿಂದಿನ ಗೋಡೆ ಚೂಪಾಗಿರುತ್ತದೆ. 50 ಮಿ.ಮೀ. ಲೆನ್ಸನ್ನು ಎಫ್/2ಕ್ಕೆ ತೆರೆದು ಒಂದು ಮೀಟರ್ ದೂರದ ಮುಖ ಹಿಡಿದರೆ ಸ್ಪಷ್ಟವಾಗಿ ಬರುವ ಆಳ ಐದು ಸೆಂಟಿಮೀಟರಿನ ಆಸುಪಾಸು. ಮೂಗಿಗೂ ಕಿವಿಗೂ ಇರುವ ಅಂತರ ಅದಕ್ಕಿಂತ ಹೆಚ್ಚು. ಫಿಲ್ಮಿನಲ್ಲಿ ಸಣ್ಣಪುಟ್ಟ ತಪ್ಪು ಕಾಳುಕಾಳಾದ ಮೇಲ್ಮೈಯಲ್ಲಿ ಮುಚ್ಚಿಹೋಗುತ್ತಿತ್ತು. ಸೆನ್ಸರ್ ಅದನ್ನು ಮುಚ್ಚುವುದಿಲ್ಲ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಅಂದರೆ ಫಿಲ್ಮ್ ಕಾಲದ ಯಂತ್ರವನ್ನೇ ಇಟ್ಟುಕೊಂಡು, ಅದರಿಂದ ಫಿಲ್ಮ್ ಕಾಲಕ್ಕಿಂತ ಹೆಚ್ಚಿನ ಕರಾರುವಾಕ್ಕುತನ ಕೇಳುತ್ತಿದ್ದೇವೆ.

ನನ್ನ ಕ್ಯಾಮೆರಾದಲ್ಲಿ ಆದದ್ದೂ ಇದೇ. ಕಂಪನಿಯ ಹೆಸರು ಬರೆಯುವುದಿಲ್ಲ, ಮಾರಿದ ಅಂಗಡಿಯದ್ದೂ ಬರೆಯುವುದಿಲ್ಲ. ಒಬ್ಬ ಅಂಗಡಿಯವರ ಜೊತೆಗಿನ ಜಗಳ ಅಲ್ಲ ಇದು. ನಾನಿರುವುದು ಹೆಬ್ಬಾಳದ ಕೆಂಪಾಪುರದಲ್ಲಿ. ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗದ ಕೆಲಸ ಶುರುವಾದಾಗಿನಿಂದ ರಿಂಗ್ ರಸ್ತೆಯ ಈ ಭಾಗದಲ್ಲಿ ಧೂಳಿಗೆ ಬರವಿಲ್ಲ. ಕೆಲಸಕ್ಕೆ ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆ ಬಸ್ಸಿನಲ್ಲೇ ಓಡಾಟ. ಮೊದಲ ವರ್ಷ ಕ್ಯಾಮೆರಾ ಚೆನ್ನಾಗಿತ್ತು. ಎರಡನೇ ವರ್ಷ ಚಿತ್ರಗಳು ಒಂದು ಗೇಣು ಹಿಂದಕ್ಕೆ ಕೂರತೊಡಗಿದವು. ಉದ್ಯೋಗ ಖಾತರಿ ಕೂಲಿ ಬಂದಿಲ್ಲ ಎಂದು ಹೆಂಗಸರು ಜಾಬ್ ಕಾರ್ಡ್ ಎತ್ತಿ ತೋರಿಸುತ್ತಿದ್ದ ಚಿತ್ರ ಒಂದಿತ್ತು. ಅದರಲ್ಲಿ ಕಾರ್ಡಿನ ಅಕ್ಷರ ಮಬ್ಬು, ಹಿಂದೆ ನಿಂತ ಹುಡುಗನ ಅಂಗಿಯ ಗುಂಡಿ ಸ್ಪಷ್ಟ. ಡೆಸ್ಕಿನವರು ಅದನ್ನು ಬಳಸಲಿಲ್ಲ, ಅವರದ್ದೇನೂ ತಪ್ಪಿಲ್ಲ. ಕೂಲಿ ಸಿಗದವರ ಕೈಯಲ್ಲಿದ್ದ ಸಾಕ್ಷಿ ಓದಲು ಬರುವಂತಿರಬೇಕಿತ್ತು, ಇರಲಿಲ್ಲ. ಸುದ್ದಿ ಚಿತ್ರವಿಲ್ಲದೆ ಒಳಪುಟದ ಮೂಲೆಯಲ್ಲಿ ಬಂತು. ಬಾಳಿಕೆಯ ಪ್ರಶ್ನೆ ಶೋಕಿಯ ಪ್ರಶ್ನೆ ಅಲ್ಲ ಎಂದು ನಾನು ಹೇಳುವುದು ಇದಕ್ಕೇ.

ಅಧಿಕೃತ ಸರ್ವೀಸಿನ ಉತ್ತರ ಹೀಗಿತ್ತು: ಕ್ಯಾಮೆರಾವನ್ನು ಹೊರದೇಶಕ್ಕೆ ಕಳಿಸಬೇಕು, ತಿಂಗಳುಗಟ್ಟಲೆ ಆಗುತ್ತದೆ, ಖರ್ಚು ಎಷ್ಟೆಂದು ತೆರೆದು ನೋಡಿದ ಮೇಲಷ್ಟೇ ಹೇಳಲಾಗುವುದು. ಹೀಗೆ ಹೋದ ವಸ್ತು ರಿಪೇರಿಯಾಗಿ ಮರಳುವಾಗ ರಿಪೇರಿ ಖರ್ಚು, ಸಾಗಣೆ, ವಿಮೆಗಳ ಮೇಲೆ ಸುಂಕವೂ ಬೀಳುತ್ತದೆ. ಮೂರು ತಿಂಗಳು ಕ್ಯಾಮೆರಾ ಇಲ್ಲದ ಸ್ಟ್ರಿಂಗರ್ ಎಂದರೆ ಮೂರು ತಿಂಗಳು ಎತ್ತಿಲ್ಲದ ಗಾಡಿ.

ಕೊನೆಗೆ ಕೆಲಸ ಆದದ್ದು ಸಿಟಿ ಮಾರ್ಕೆಟ್ ಕಡೆಯ ಒಂದು ಮಹಡಿ ಮೇಲಿನ ಸಣ್ಣ ಕೋಣೆಯಲ್ಲಿ. ಫಿಲ್ಮ್ ಕ್ಯಾಮೆರಾ ಕಾಲದಿಂದ ರಿಪೇರಿ ಮಾಡಿಕೊಂಡು ಬಂದ ಹಿರಿಯರು. ಲೆನ್ಸ್ ಬಿಚ್ಚಿ, ಉರುಳೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಕಿಟಕಿಯಿಂದ ದೂರದ ನೀರಿನ ಟ್ಯಾಂಕಿನ ಅಂಚನ್ನು ನೋಡುತ್ತಾ ಒಂದು ಸ್ಕ್ರೂವನ್ನು ಅಷ್ಟಷ್ಟೇ ತಿರುಗಿಸಿದರು. ಅರ್ಧ ಗಂಟೆಯಲ್ಲಿ ಬಿಂಬಗಳು ಸರಿಯಾಗಿ ಕೂತವು. ದೂರದ್ದು ಸರಿಯಾದ ಮೇಲೆ ಹತ್ತಿರದ್ದಕ್ಕೆ ಗೋಡೆಗೆ ಕ್ಯಾಲೆಂಡರ್ ಹಾಳೆ ಅಂಟಿಸಿ, ಟೇಪಿನಲ್ಲಿ ಅಳೆದು ಮತ್ತೊಮ್ಮೆ ನೋಡಿದರು. ತಗೊಂಡದ್ದು ನನ್ನ ಒಂದು ವಾರದ ಊಟದ ಖರ್ಚಿಗಿಂತ ಕಡಿಮೆ.

“ಯಜಮಾನ್ರೇ, ಇನ್ನೆಷ್ಟು ವರ್ಷ ಬರಬಹುದು?” ಅಂತ ಕೇಳಿದೆ.

“ನೋಡಪ್ಪಾ, ಹಿತ್ತಾಳೆ, ಗಾಜು, ಸ್ಕ್ರೂ ಇದೆಲ್ಲ ನಾನು ನೋಡ್ಕೋತೀನಿ. ಬೋರ್ಡಿಗೆ ಮಾತ್ರ ನಾನು ಕೈ ಹಾಕಲ್ಲ. ಅದು ಹೋದ ದಿನ ಇದು ಪೇಪರ್ ವೆಯ್ಟು.”

ನನ್ನ ವಾದ ಪೂರ್ತಿ ಆ ಮಾತಿನಲ್ಲಿದೆ. ಡಿಜಿಟಲ್ ರೇಂಜ್‌ಫೈಂಡರ್ ಎಂದರೆ ಒಂದೇ ಮೈಯಲ್ಲಿ ಎರಡು ಕ್ಯಾಮೆರಾ. ಒಂದು ಹಳೆಯದು, ಸ್ಕ್ರೂ ಡ್ರೈವರಿಗೆ ಬಗ್ಗುವಂಥದ್ದು, ನಮ್ಮೂರಲ್ಲೇ ರಿಪೇರಿಯಾಗುವಂಥದ್ದು. ಇನ್ನೊಂದು ಸೆನ್ಸರ್, ಬೋರ್ಡ್, ಬ್ಯಾಟರಿ. ಅದರ ಬಿಡಿಭಾಗ ಕಂಪನಿ ಬಿಟ್ಟು ಬೇರೆಲ್ಲೂ ಸಿಗದು, ಅದರ ಸಾಫ್ಟ್‌ವೇರಿಗೆ ಬೀಗ. ಮಾರುವಾಗ ಮೊದಲನೆಯದರ ಆಯಸ್ಸನ್ನು ಹೇಳುತ್ತಾರೆ. ಕೊಂಡವನು ಬದುಕಬೇಕಾದದ್ದು ಎರಡನೆಯದರ ಆಯಸ್ಸಿನೊಳಗೆ.

ಇದು ನನ್ನೊಬ್ಬನ ಅನುಭವದ ಮೇಲೆ ನಿಂತ ಮಾತಲ್ಲ. ಈ ಜಾತಿಯ ಕ್ಯಾಮೆರಾಗಳ ಬಹಿರಂಗ ಚರಿತ್ರೆಯೇ ಇದನ್ನು ಹೇಳುತ್ತದೆ.

ಮೊದಲ ಡಿಜಿಟಲ್ ರೇಂಜ್‌ಫೈಂಡರ್ 2004ರ ಎಪ್ಸನ್ ಆರ್-ಡಿ1. ಪ್ರಿಂಟರ್ ಮಾಡುವ ಅದೇ ಎಪ್ಸನ್. ಮೈಕಟ್ಟು ಜಪಾನಿನ ಕೊಸಿನಾದ್ದು, ಸೆನ್ಸರ್ 6 ಮೆಗಾಪಿಕ್ಸೆಲ್. ಶಟರ್ ಏರಿಸಲು ಫಿಲ್ಮ್ ಕ್ಯಾಮೆರಾದ ಹಾಗೆ ಕೈಯಿಂದ ಎಳೆಯುವ ಲಿವರ್, ಮೇಲ್ಗಡೆ ಗಡಿಯಾರದಂಥ ಮುಳ್ಳುಗಳು. ಬಹಳ ಜನ ಮರುಳಾದರು. ಎಪ್ಸನ್ ಆಮೇಲೆ ಕ್ಯಾಮೆರಾ ಮಾಡುವುದನ್ನೇ ಬಿಟ್ಟಿತು. ಈಗ ಅದರ ಬೋರ್ಡ್ ಕೆಟ್ಟರೆ ಇನ್ನೊಂದು ಕೆಟ್ಟ ಕ್ಯಾಮೆರಾ ಹುಡುಕಿ ಅದರಿಂದ ಕಿತ್ತು ಹಾಕಬೇಕು.

ಆಮೇಲೆ ಲೈಕಾ. 1925ರಲ್ಲಿ ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಮೊದಲ ಲೈಕಾ ಜನರ ಮುಂದೆ ಬಂತು. 1954ರ ಎಂ3 ಕ್ಯಾಮೆರಾಕ್ಕೆ ಮಾಡಿದ ಲೆನ್ಸು ಇಂದಿನ ಎಂ ಕ್ಯಾಮೆರಾಕ್ಕೂ ಕೂರುತ್ತದೆ. ಇದು ನಿಜವಾಗಿಯೂ ಮೆಚ್ಚಬೇಕಾದ ವಿಷಯ. ಅವರ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಎಂ8 ಬಂದದ್ದು 2006ರಲ್ಲಿ. ಬಂದ ಕೆಲವೇ ವಾರಗಳಲ್ಲಿ ಕೊಂಡವರು ಒಂದು ವಿಚಿತ್ರ ಕಂಡರು. ಕೆಲವು ಕಪ್ಪು ಬಟ್ಟೆಗಳು ಚಿತ್ರದಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತಿದ್ದವು. ಸೆನ್ಸರಿನ ಮುಂದಿನ ಗಾಜು ತೀರಾ ತೆಳುವಾದ್ದರಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಒಳಗೆ ನುಗ್ಗುತ್ತಿತ್ತು. ಕಂಪನಿ ಕೊಂಡವರಿಗೆ ಎರಡೆರಡು ಫಿಲ್ಟರ್ ಪುಕ್ಕಟೆ ಕೊಟ್ಟಿತು. ಲಕ್ಷಗಟ್ಟಲೆ ಕೊಟ್ಟ ಕ್ಯಾಮೆರಾದ ಕಪ್ಪು ಕಪ್ಪಾಗಿಯೇ ಬರಬೇಕಾದರೆ ಲೆನ್ಸಿನ ಮುಂದೆ ಇನ್ನೊಂದು ಗಾಜು ಸಿಕ್ಕಿಸಬೇಕು.

ಗಾಜು ತೆಳುವಾಗಿದ್ದದ್ದು ಜಿಪುಣತನದಿಂದಲ್ಲ. ರೇಂಜ್‌ಫೈಂಡರ್ ಲೆನ್ಸುಗಳ ಹಿಂಭಾಗ ಸೆನ್ಸರಿಗೆ ಬಹಳ ಹತ್ತಿರ ಕೂರುತ್ತದೆ, ಅಂಚುಗಳಿಗೆ ಬೆಳಕು ಓರೆಯಾಗಿ ಬೀಳುತ್ತದೆ. ದಪ್ಪ ಗಾಜು ಹಾಕಿದರೆ ಅಂಚಿನ ಚಿತ್ರ ಕಲಸಿಹೋಗುತ್ತದೆ. ಹಳೆಯ ಲೆನ್ಸು ಬಳಸಬೇಕೆಂಬ ಹಟ, ಅದಕ್ಕೆ ತೆಳು ಗಾಜು, ತೆಳು ಗಾಜಿಗೆ ಹೊಸ ಕಾಟ. ಹಳತನ್ನು ಉಳಿಸಿಕೊಳ್ಳಲು ಹೋಗಿ ಹೊಸದು ಸೊರಗುವ ಕತೆ ಇಲ್ಲಿಂದ ಶುರು.

2009ರ ಸೆಪ್ಟೆಂಬರಿನಲ್ಲಿ ಎಂ9 ಬಂತು. 18 ಮೆಗಾಪಿಕ್ಸೆಲ್, ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್, ಮೇಲೆ ಕೆಳಗೆ ಹಿತ್ತಾಳೆಯ ತಗಡು. ಅಮೆರಿಕದಲ್ಲಿ ಬೆಲೆ 6,995 ಡಾಲರ್. ಸೆನ್ಸರ್ ಕೊಡಾಕ್ ಕಂಪನಿಯದ್ದು. ಈ ಸಲ ಇನ್‌ಫ್ರಾರೆಡ್ಡನ್ನು ಹೆಚ್ಚು ಹೀರುವ ಬೇರೆ ಬಗೆಯ ಗಾಜನ್ನು ಸೆನ್ಸರಿನ ಮೇಲೆ ಹಾಕಿದರು, ಅದೂ ಒಂದು ಮಿಲಿಮೀಟರಿಗಿಂತ ತೆಳು. ನೇರಳೆ ಬಣ್ಣದ ಕಾಟ ತಪ್ಪಿತು. ಆದರೆ ಆ ಗಾಜಿಗೆ ತೇವ ಆಗದು. ಮೇಲಿನ ಲೇಪನ ಎಲ್ಲಾದರೂ ಸೀಳಿದರೆ ಗಾಳಿಯ ತೇವ ಒಳಸೇರಿ ಗಾಜನ್ನು ತಿನ್ನುತ್ತದೆ. ಲೆನ್ಸನ್ನು ಎಫ್/16ಕ್ಕೆ ಕಿರಿದು ಮಾಡಿ ಆಕಾಶದ ಚಿತ್ರ ತೆಗೆದರೆ ಕಲೆಗಳು ಎದ್ದು ಕಾಣುತ್ತವೆ. ಧೂಳಾದರೆ ಊದಿದರೆ ಹೋಗುತ್ತದೆ. ಇದು ಗಾಜಿನೊಳಗೇ ಆದ ಹುಣ್ಣು, ಎಷ್ಟು ಒರೆಸಿದರೂ ಹೋಗದು.

2014ರಲ್ಲಿ ಕಂಪನಿ ದೋಷವನ್ನು ಒಪ್ಪಿಕೊಂಡು ಸೆನ್ಸರನ್ನು ಪುಕ್ಕಟೆ ಬದಲಿಸಿಕೊಡುವುದಾಗಿ ಹೇಳಿತು. ಎಷ್ಟೋ ಕಂಪನಿಗಳು ಇಷ್ಟೂ ಮಾಡುವುದಿಲ್ಲ, ಅದನ್ನು ಒಪ್ಪೋಣ. ಆದರೆ 2017ರ ಆಗಸ್ಟಿನಲ್ಲಿ ನಿಯಮ ಬದಲಾಯಿತು. ಹೊಸದಾಗಿ ಕೊಂಡು ಐದು ವರ್ಷದೊಳಗಿನವರಿಗೆ ಮಾತ್ರ ಪುಕ್ಕಟೆ, ಉಳಿದವರು ದುಡ್ಡು ಕೊಡಬೇಕು. ಮುಂದೆ ಬದಲಿ ಸೆನ್ಸರಿನ ದಾಸ್ತಾನೇ ಮುಗಿಯಿತು. ಮುಗಿಯದೆ ಇನ್ನೇನು? ಕೊಡಾಕ್ ತನ್ನ ಸೆನ್ಸರ್ ವ್ಯವಹಾರವನ್ನು 2011ರಲ್ಲೇ ಮಾರಿತ್ತು. 2012ರ ಜನವರಿಯಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತ್ತು. ಕ್ಯಾಮೆರಾದ ಮೇಲೆ ಬರೆದ ಹೆಸರು ಒಬ್ಬರದು, ಅದರ ಪ್ರಾಣ ಇದ್ದದ್ದು ಇನ್ನೊಬ್ಬರ ಕೈಯಲ್ಲಿ. ಆ ಇನ್ನೊಬ್ಬರು ಅಂಗಡಿ ಮುಚ್ಚಿದರೆ ‘ಮಕ್ಕಳ ಕಾಲಕ್ಕೂ’ ಎಂಬ ಮಾತಿಗೆ ಜವಾಬ್ದಾರಿ ಯಾರು?

ಆಗ ಕೈಹಿಡಿದವರು ಯಾರು ಗೊತ್ತೇ? ಕಂಪನಿಗೆ ಸಂಬಂಧವಿಲ್ಲದ ಸ್ವತಂತ್ರ ರಿಪೇರಿಯವರು. ಅಮೆರಿಕದಲ್ಲಿ ಕೆಲವರು ಪೂರ್ತಿ ಸೆನ್ಸರ್ ಬದಲಿಸದೆ, ಕೆಟ್ಟ ಗಾಜನ್ನಷ್ಟೇ ತೆಗೆದು ತೇವ ತಡೆಯುವ ಬೇರೆ ಗಾಜು ಕೂರಿಸಿ ಕೊಡತೊಡಗಿದರು. ಇನ್ನು ಗತಿಯಿಲ್ಲ ಎಂದುಕೊಂಡಿದ್ದ ಕ್ಯಾಮೆರಾಗಳು ಮತ್ತೆ ನಡೆದವು. ನಮ್ಮ ಸಿಟಿ ಮಾರ್ಕೆಟ್ ಹಿರಿಯರ ವರ್ಗದವರೇ ಅವರೂ. ಕೈಯಲ್ಲಿ ಕಸುಬು ಮತ್ತು ಬೇಕಾದ ಭಾಗ ಎರಡೂ ಇದ್ದವು ಅನ್ನುವುದಷ್ಟೇ ವ್ಯತ್ಯಾಸ.

ತೇವಕ್ಕೆ ಕರಗುವ ಗಾಜು ಎಂದಾಗ ನಮ್ಮ ನಾಡನ್ನು ನೆನೆಸಿಕೊಳ್ಳಿ. ಬೆಂಗಳೂರಿನಲ್ಲೇ ಆಗಸ್ಟ್, ಸೆಪ್ಟೆಂಬರಿನಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಬೂಷ್ಟು ಬರುತ್ತದೆ. ಇನ್ನು ಆಗುಂಬೆ, ಅಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ. ಕರಾವಳಿಯಲ್ಲಿ ಮಳೆ ನಿಂತ ಮೇಲೂ ಗಾಳಿ ಒದ್ದೆ, ಜೊತೆಗೆ ಉಪ್ಪು. ಮಲೆನಾಡಿನ ಯಾವ ಛಾಯಾಗ್ರಾಹಕರನ್ನು ಕೇಳಿದರೂ ಲೆನ್ಸಿನ ಫಂಗಸ್ಸಿನ ಕತೆ ಹೇಳುತ್ತಾರೆ. ಸಿಲಿಕಾ ಜೆಲ್, ಅಕ್ಕಿ ಡಬ್ಬ, ಬಲ್ಬು ಉರಿಸಿದ ಪೆಟ್ಟಿಗೆ ಎಲ್ಲ ಪ್ರಯೋಗ ಮಾಡಿರುತ್ತಾರೆ. ಇಂಥ ಹವೆಯಲ್ಲಿ ಕೆಲಸ ಮಾಡುವವರು ಸೆಕೆಂಡ್ ಹ್ಯಾಂಡ್ ಎಂ9 ಕೊಳ್ಳಲು ಹೋದರೆ ಮಾರುವವರು ತೇವದ ವಿಷಯ ಮೊದಲು ಹೇಳಬೇಕು. ಆದರೆ ಕೇಳಿಬರುವುದು ‘ಆ ಸೆನ್ಸರಿನ ಬಣ್ಣವೇ ಬೇರೆ’ ಎಂಬ ವರ್ಣನೆ. ಬಣ್ಣ ಚೆನ್ನಾಗಿಯೇ ಇದೆ. ಕಲೆ ಬಿದ್ದ ಮೇಲೆ ಆ ಬಣ್ಣ ಯಾರಿಗೆ ಬೇಕು?

ಬಾಳಿಕೆ ಎಂದರೇನು ಎಂದು ನಮ್ಮ ಹಳ್ಳಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಂಪ್‌ಸೆಟ್ ಕೊಳ್ಳುವ ರೈತ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, “ಸ್ಪೇರು ಎಲ್ಲಿ ಸಿಗುತ್ತೆ?” ಮೋಟಾರ್ ಸುಟ್ಟರೆ ಹೋಬಳಿಯಲ್ಲೇ ವೈಂಡಿಂಗ್ ಮಾಡುವವನಿದ್ದಾನೆಯೇ, ಬೇರಿಂಗು ತಾಲೂಕಿನಲ್ಲಿ ಸಿಗುತ್ತದೆಯೇ ಎಂದು ನೋಡಿಯೇ ಆತ ಕಂಪನಿ ಆರಿಸುವುದು. ಕೆಡದ ಮೋಟಾರ್ ಇರುವುದಿಲ್ಲ ಎಂದು ಅವನಿಗೆ ಗೊತ್ತು. ಬೆಳೆ ಒಣಗುವ ಮೊದಲು ಸರಿಯಾಗುವ ಮೋಟಾರ್ ಅವನ ಪಾಲಿಗೆ ಬಾಳಿಕೆಯ ಮೋಟಾರ್. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಯಾವ ಕ್ಯಾಮೆರಾ ವಿಮರ್ಶೆಯಲ್ಲೂ ನಾನು ಓದಿಲ್ಲ.

ಕೆಂಪಾಪುರದಿಂದ ಬಹಳ ದೂರವೇನಲ್ಲದ ಜಾಲಹಳ್ಳಿಯ ಎಚ್‌ಎಂಟಿಯನ್ನು ನೋಡಿ. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ವಾಚು ಮಾಡಲು ಶುರುಮಾಡಿದ ಸರ್ಕಾರಿ ಕಾರ್ಖಾನೆ. 2016ರಲ್ಲಿ ವಾಚು ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಆದರೆ ಕೀ ಕೊಡುವ ಎಚ್‌ಎಂಟಿ ವಾಚುಗಳು ಇವತ್ತಿಗೂ ಓಡುತ್ತಿವೆ. ತಾಲೂಕು ಬಸ್‌ಸ್ಟ್ಯಾಂಡ್ ಪಕ್ಕದ ವಾಚ್ ರಿಪೇರಿಯವರು ಅದನ್ನು ಬಿಚ್ಚುತ್ತಾರೆ, ತೊಳೆಯುತ್ತಾರೆ, ಹಳೆಯ ವಾಚಿನ ಚಕ್ರ ತೆಗೆದು ಹಾಕುತ್ತಾರೆ. ಕಂಪನಿ ಹೋದರೂ ವಸ್ತು ಉಳಿಯಿತು, ಏಕೆಂದರೆ ರಿಪೇರಿಯ ಜ್ಞಾನ ಕಾರ್ಖಾನೆಯ ಗೋಡೆಯೊಳಗೆ ಮಾತ್ರ ಇರಲಿಲ್ಲ. ಡಿಜಿಟಲ್ ರೇಂಜ್‌ಫೈಂಡರಿನ ವಿಷಯದಲ್ಲಿ ಇದು ತಿರುಗುಮುರುಗು. ಕಂಪನಿ ಗಟ್ಟಿಯಾಗಿದೆ, ವಸ್ತು ಸಾಯುತ್ತಿದೆ.

ಎದುರು ವಾದಗಳನ್ನೂ ನೋಡೋಣ. “ಎಲ್ಲ ಡಿಜಿಟಲ್ ಕ್ಯಾಮೆರಾದ ಹಣೆಬರಹವೂ ಇಷ್ಟೇ” ಎನ್ನುತ್ತಾರೆ ಕೆಲವರು. ಅರ್ಧ ನಿಜ. ಆದರೆ ಸಾಮಾನ್ಯ ಡಿಎಸ್‌ಎಲ್‌ಆರ್‌ಗಳು ರಾಶಿರಾಶಿ ಮಾರಾಟವಾಗಿವೆ. ಮದುವೆ ಛಾಯಾಗ್ರಾಹಕರ ಬಳಿ ಇರುವಂಥವೇ ಅವು. ಶಟರ್ ಹೋದರೆ ಬದಲಿ ಶಟರ್ ಸಿಗುತ್ತದೆ, ಬೋರ್ಡ್ ಹೋದರೆ ಕೆಟ್ಟು ಬಿದ್ದ ಇನ್ನೊಂದರಿಂದ ತೆಗೆಯಬಹುದು, ಜಿಲ್ಲಾ ಕೇಂದ್ರದಲ್ಲೂ ಕೈಯಾಡಿಸಬಲ್ಲವರು ಇದ್ದಾರೆ. ಮುಖ್ಯವಾಗಿ, ಅವನ್ನು ಮಾರುವವರು ‘ಮೊಮ್ಮಕ್ಕಳ ಕಾಲಕ್ಕೂ’ ಎನ್ನುವುದಿಲ್ಲ. ಮಾತು ದೊಡ್ಡದಾದರೆ ಹೊಣೆಯೂ ದೊಡ್ಡದಾಗಬೇಕು. 2022ರಲ್ಲಿ ಬಂದ ಲೈಕಾ ಎಂ11ಕ್ಕೆ ಅಮೆರಿಕದಲ್ಲಿ ಇಟ್ಟ ಬೆಲೆ 8,995 ಡಾಲರ್. ಆಗಿನ ಲೆಕ್ಕದಲ್ಲಿ ಆರೂವರೆ ಲಕ್ಷ ರೂಪಾಯಿಗೂ ಮೇಲೆ, ಲೆನ್ಸ್ ಬಿಟ್ಟು. ಆ ದುಡ್ಡಿಗೆ ಹೊಸ ಟ್ರ್ಯಾಕ್ಟರ್ ಮನೆ ಮುಂದೆ ಬಂದು ನಿಲ್ಲುತ್ತದೆ. ಟ್ರ್ಯಾಕ್ಟರ್ ಕೊಳ್ಳುವವನು ಹತ್ತು ವರ್ಷದ ಸ್ಪೇರಿನ ಬಗ್ಗೆ ಕೇಳಿದರೆ ಯಾರೂ ನಗುವುದಿಲ್ಲ. ಕ್ಯಾಮೆರಾ ಕೊಳ್ಳುವವನು ಕೇಳಿದರೆ ಮಾತ್ರ “ಕಲೆಯ ಬಗ್ಗೆ ಯೋಚಿಸಿ” ಎಂಬ ಉಪದೇಶ.

“ಫೋನ್ ಸಾಕಲ್ಲ, ಇದೆಲ್ಲ ಯಾಕೆ?” ಎನ್ನುವವರು ಇನ್ನು ಕೆಲವರು. ಹಳ್ಳಿಯ ಪತ್ರಕರ್ತನಿಗೆ ಕಡಿಮೆ ದರ್ಜೆಯದ್ದೇ ಸಾಕು ಎಂಬ ಧೋರಣೆ ಈ ಮಾತಿನೊಳಗೆ ಅಡಗಿದೆ, ಅದು ನನಗೆ ಹಿಡಿಸುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಚಿತ್ರಿಸಿಯೇ ಲೋಕಕ್ಕೆ ಪರಿಚಿತರಾದವರು. ಸಾಮಾನ್ಯರ ಬದುಕಿಗೆ ಸಾಮಾನ್ಯ ಚಿತ್ರ ಸಾಕು ಎಂದು ಅವರೇನೂ ಅಂದುಕೊಂಡಿರಲಿಲ್ಲ. ಅದಿರಲಿ, ಫೋನಿನಿಂದಲೂ ಈ ಸಮಸ್ಯೆ ತಪ್ಪುವುದಿಲ್ಲ. ಅಲ್ಲೂ ಅಂಟಿಸಿ ಮುಚ್ಚಿದ ಬ್ಯಾಟರಿ, ನಿಂತುಹೋಗುವ ಅಪ್‌ಡೇಟ್, ಸಿಗದ ಸ್ಪೇರ್.

ಕಾನೂನಿನ ಕಡೆ ತಿರುಗಿದರೆ ಪೂರ್ತಿ ಕತ್ತಲೆಯೇನಿಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿನ’ ಚೌಕಟ್ಟು ರೂಪಿಸಲು ಸಮಿತಿ ಮಾಡಿತು. ಅದು ಗುರುತಿಸಿದ ವಲಯಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ಬಾಳಿಕೆ ವಸ್ತುಗಳು, ವಾಹನಗಳು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನ, ಕಂಪನಿಗಳು ಸರ್ವೀಸು, ಬಿಡಿಭಾಗದ ಮಾಹಿತಿ ಹಾಕಲೆಂದು ಒಂದು ಪೋರ್ಟಲ್ ಕೂಡ ಶುರುವಾಯಿತು. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಫೋನ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮಷೀನುಗಳ ಮೇಲೆ ಅವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಹತ್ತಕ್ಕೆ ಅಂಕ ಹಾಕಿ ಅಂಟಿಸುವುದು ಕಡ್ಡಾಯವಾಯಿತು. ಕೊಳ್ಳುವವರು ಬೆಲೆಯ ಜೊತೆಗೇ ಆ ಅಂಕವನ್ನೂ ನೋಡುವಂತಾಯಿತು. ನಮ್ಮಲ್ಲಿ ಕ್ಯಾಮೆರಾದ ಹೆಸರನ್ನೇ ಯಾರೂ ಎತ್ತಿಲ್ಲ. ಮಾರಿದ ಮೇಲೆ ಇಷ್ಟು ವರ್ಷ ಬಿಡಿಭಾಗ ಇಡಲೇಬೇಕು ಎಂಬ ಕಡ್ಡಾಯವೂ ಇಲ್ಲ.

ಇರುವ ಕಾನೂನನ್ನಾದರೂ ಬಳಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು, ಸೇವೆಯ ಕೊರತೆ ಎರಡಕ್ಕೂ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಹಾಗಾಗಿ ಬಿಲ್ಲು, ವಾರಂಟಿ ಕಾರ್ಡು, ಸರ್ವೀಸಿನವರ ಇಮೇಲು ಯಾವುದನ್ನೂ ಬಿಸಾಡಬೇಡಿ. ಬಾಯಿಮಾತಿನ ‘ಲೈಫ್ ಟೈಮ್’ ಆಯೋಗದ ಮುಂದೆ ನಿಲ್ಲುವುದಿಲ್ಲ, ಬರೆದುಕೊಟ್ಟದ್ದು ನಿಲ್ಲುತ್ತದೆ.

ಪತ್ರಿಕೆಗಳ ಆಡಳಿತಕ್ಕೂ ಇಲ್ಲಿ ಪಾಲಿದೆ. ಗ್ರಾಮೀಣ ಪತ್ರಕರ್ತರಿಗೆ ಬಸ್ ಪಾಸ್ ಬೇಕೆಂಬ ಬೇಡಿಕೆ ಸರ್ಕಾರದವರೆಗೂ ಹೋಗಿ ಯೋಜನೆಯಾಯಿತು. ಒಳ್ಳೆಯದು. ಬಸ್ಸಿಳಿದ ಮೇಲೆ ಕೈಯಲ್ಲಿರುವ ಕ್ಯಾಮೆರಾ ಯಾರದ್ದು, ಅದು ಕೆಟ್ಟರೆ ಖರ್ಚು ಯಾರದ್ದು ಎಂಬ ಪ್ರಶ್ನೆ ಎತ್ತಿದ ಸಂಘ ನನಗೆ ಕಂಡಿಲ್ಲ. ಸ್ಟ್ರಿಂಗರ್ ತೆಗೆದ ಚಿತ್ರ ಬೇಕು, ಅವನ ಸ್ವಂತ ಕ್ಯಾಮೆರಾದ ಸವೆತ ಬೇಡ ಎಂದರೆ ಹೇಗೆ? ಬಾಡಿಗೆ ಗಾಡಿಯವನಿಗೆ ಕಿಲೋಮೀಟರಿಗಿಷ್ಟು ಎಂದು ಕೊಡುವಾಗ ಟೈರಿನ ಸವೆತವೂ ಅದರಲ್ಲಿ ಸೇರಿರುತ್ತದೆ. ನಮ್ಮ ಸಂಭಾವನೆಯಲ್ಲಿ ಅದು ಯಾಕಿಲ್ಲ?

ಪಾಠ ಹೇಳುವವರಿಗೂ ಒಂದು ಮಾತು. ಪತ್ರಿಕೋದ್ಯಮದ ತರಗತಿಯಲ್ಲಿ ಕಾರ್ಟಿಯೇ ಬ್ರೆಸೋನ್ ಕೈಯಲ್ಲಿದ್ದ ಲೈಕಾದ ಬಗ್ಗೆ ಹೇಳುವಾಗ ಅದು ಫಿಲ್ಮಿನದು, ಅದರೊಳಗೆ ಸೆನ್ಸರ್ ಇರಲಿಲ್ಲ ಎಂಬುದನ್ನೂ ಹೇಳಿ. ಕಂಪೋಸಿಷನ್ನಿಗೆ ಇಡುವ ಗಂಟೆಗಳಲ್ಲಿ ಒಂದನ್ನಾದರೂ ಉಪಕರಣದ ಖರ್ಚು, ವಿಮೆ, ರಿಪೇರಿ, ಮರುಮಾರಾಟದ ಲೆಕ್ಕಕ್ಕೆ ಕೊಡಿ. ಕೆಲಸಕ್ಕೆ ಬಂದ ಮೊದಲ ವರ್ಷ ನಮ್ಮನ್ನು ಕಾಡುವುದು ಆ ಲೆಕ್ಕವೇ.

ನಾವು ಕೇಳಬೇಕಾದದ್ದು ಹೆಚ್ಚೇನಿಲ್ಲ. ಇಂಥ ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಸೆನ್ಸರ್, ಬೋರ್ಡ್, ಬ್ಯಾಟರಿ ಯಾವ ವರ್ಷದವರೆಗೆ ಸಿಗುತ್ತವೆ ಎಂದು ಅಚ್ಚುಹಾಕಲಿ. ಎಂಆರ್‌ಪಿ ಹಾಕುವ ಜಾಗದ ಪಕ್ಕದಲ್ಲೇ ಹಾಕಲಿ. ಬಿಡಿಭಾಗ ಮತ್ತು ಸರ್ವೀಸ್ ಕೈಪಿಡಿ ಸ್ವತಂತ್ರ ರಿಪೇರಿಯವರಿಗೂ ಸಿಗಲಿ. ಆ ಮಹಡಿ ಮೇಲಿನ ಹಿರಿಯರಂಥವರು ಬೋರ್ಡಿಗೂ ಧೈರ್ಯವಾಗಿ ಕೈಹಾಕುವಂತಾಗಲಿ. ತಯಾರಿಕೆ ನಿಲ್ಲಿಸುವ ಕಂಪನಿ ಬಾಗಿಲು ಹಾಕುವ ಮೊದಲು ತನ್ನ ನಕ್ಷೆಗಳನ್ನು ಬಿಟ್ಟುಕೊಡಲಿ. ರಿಪೇರಿ ಹಕ್ಕಿನ ಪಟ್ಟಿಯಲ್ಲಿ ಕ್ಯಾಮೆರಾವೂ ಸೇರಲಿ.

ಅಲ್ಲಿಯವರೆಗೆ ರೇಂಜ್‌ಫೈಂಡರ್ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಕೊಳ್ಳುವುದಾದರೆ ಎಫ್/16ರಲ್ಲಿ ಆಕಾಶದ ಒಂದು ಚಿತ್ರ ತೆಗೆದು ಕಲೆ ಇದೆಯೇ ನೋಡಿ. ದೂರದ ಕಂಬಕ್ಕೆ, ಒಂದು ಮೀಟರಿನ ಅಕ್ಷರಕ್ಕೆ ಎರಡಕ್ಕೂ ಫೋಕಸ್ ಪರೀಕ್ಷಿಸಿ. ಬ್ಯಾಟರಿ ಇನ್ನೂ ತಯಾರಾಗುತ್ತಿದೆಯೇ ವಿಚಾರಿಸಿ. ಆಮೇಲೆ ಪಂಪ್‌ಸೆಟ್ ಕೊಳ್ಳುವ ರೈತನ ಪ್ರಶ್ನೆಯನ್ನೇ ಕೇಳಿ: “ಸ್ಪೇರು ಎಲ್ಲಿ ಸಿಗುತ್ತೆ, ಎಷ್ಟು ವರ್ಷ ಸಿಗುತ್ತೆ?” ಮಾರುವವರು ಮಕ್ಕಳು, ಮೊಮ್ಮಕ್ಕಳು ಎಂದು ಮಾತು ತೆಗೆದರೆ ಬಿಲ್ಲನ್ನು ಅವರ ಕಡೆ ತಿರುಗಿಸಿ. ಆ ವರ್ಷವನ್ನು ಅದರ ಮೇಲೆ ಬರೆದು ಸಹಿ ಹಾಕಿಕೊಡಲಿ.